₹200ರೊಳಗಿನ ಪೈಪು, ₹6 ಲಕ್ಷದ ವಿಮೆ

ಅಡುಗೆ ಅನಿಲ ಕಂಪನಿಗಳು ಇತ್ತೀಚೆಗೆ ದೇಶದಾದ್ಯಂತ ಗ್ರಾಹಕರ ಮನೆಗಳಲ್ಲಿ ನಡೆಸಿದ ಉಚಿತ ಸುರಕ್ಷತಾ ತಪಾಸಣೆಗಳ ಸಂಖ್ಯೆ 12.12 ಕೋಟಿ ದಾಟಿದೆ. ಆಗ ರಿಯಾಯಿತಿ ದರದಲ್ಲಿ ಬದಲಾದ ಗ್ಯಾಸ್ ಪೈಪುಗಳು 4.65 ಕೋಟಿ. ಅಂದರೆ ನೂರು ತಪಾಸಣೆಗೆ 38 ಪೈಪು.

ರೆಗ್ಯುಲೇಟರಿನಿಂದ ಒಲೆಗೆ ಅನಿಲ ಒಯ್ಯುವ ಈ ಕಿತ್ತಳೆ ಬಣ್ಣದ 'ಸುರಕ್ಷಾ' ಪೈಪಿನ ರಬ್ಬರಿನೊಳಗೆ ಉಕ್ಕಿನ ತಂತಿಯ ಹೆಣಿಗೆ ಇರುತ್ತದೆ. ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಬೆಲೆ ₹200ರೊಳಗೆ, ವರ್ಷಕ್ಕೆ ಹಂಚಿದರೆ ಹೆಚ್ಚೆಂದರೆ ₹40. ಒಲೆಯ ನಳಿಕೆಗೆ ಸಿಕ್ಕಿಸಿದ ತುದಿಗೆ ಬಿಸಿಯೂ ಎಣ್ಣೆ ಜಿಡ್ಡೂ ತಾಗುತ್ತಲೇ ಇರುತ್ತವೆ. ಅಲ್ಲಿ ಬಿದ್ದ ಸಣ್ಣ ಬಿರುಕು ಪೈಪನ್ನು ಬಾಗಿಸಿ ನೋಡದ ಹೊರತು ಕಾಣುವುದಿಲ್ಲ.

ಗಾಳಿಯಲ್ಲಿ ಅನಿಲದ ಪ್ರಮಾಣ ಶೇ 1.8 ಮುಟ್ಟಿದರೆ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. ಎಂಟು ಅಡಿ ಉದ್ದ, ಆರು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಅಡುಗೆಮನೆಯಲ್ಲಿ ಈ ಮಟ್ಟಕ್ಕೆ ಸುಮಾರು ಅರ್ಧ ಕಿಲೊ ಅನಿಲ ಸಾಕು. 14.2 ಕಿಲೊ ಸಿಲಿಂಡರಿನಲ್ಲಿ ಅದು ಶೇ 3.5 ಮಾತ್ರ. ಈ ಲೆಕ್ಕ ಅನಿಲ ಕೋಣೆ ತುಂಬ ಸಮನಾಗಿ ಹರಡಿದೆ ಎಂದು ಭಾವಿಸಿದ್ದು. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಿರುವ ಅನಿಲ ವಾಸ್ತವದಲ್ಲಿ ನೆಲದ ಮೇಲೆ ನಿಲ್ಲುತ್ತದೆ. ಹಾಗಾಗಿ ಸೀರೆಯ ನೆರಿಗೆಯ ಮಟ್ಟದಲ್ಲಿ ಅಪಾಯಕ್ಕೆ ಇನ್ನೂ ಕಡಿಮೆ ಅನಿಲ ಸಾಕು.

2025ರ ಮಾರ್ಚ್ 1ರಂದು ದೇಶದಲ್ಲಿದ್ದ ಗೃಹಬಳಕೆ ಗ್ರಾಹಕರು 32.94 ಕೋಟಿ. ಇವರಲ್ಲಿ 10.33 ಕೋಟಿ, ಅಂದರೆ ಶೇ 31, ಉಜ್ವಲಾ ಯೋಜನೆಯವರು. ಬಡ ಕುಟುಂಬಗಳಿಗಾಗಿ ಇರುವ ಈ ಯೋಜನೆಯಲ್ಲಿ ಅನಿಲ ಸಂಪರ್ಕ ಕೊಡುವುದು ಮಹಿಳೆಯ ಹೆಸರಿಗೇ. ಉಜ್ವಲಾ ಮನೆಯೊಂದು ವರ್ಷಕ್ಕೆ ತರಿಸುವ ಸಿಲಿಂಡರುಗಳ ಸರಾಸರಿ 2019-20ರಲ್ಲಿ 3.01 ಇದ್ದದ್ದು 2023-24ರಲ್ಲಿ 3.95ಕ್ಕೆ ಬಂತು, ಶೇ 31 ಏರಿಕೆ. ಸೌದೆಯ ಹೊಗೆ ಕುಡಿಯುತ್ತಿದ್ದ ಮನೆಗಳಿಗೆ ಇದು ಒಳ್ಳೆಯ ಸುದ್ದಿ. ಆದರೆ ಸಿಲಿಂಡರು ಬದಲಾದಷ್ಟು ಸಲ ರೆಗ್ಯುಲೇಟರು ಬಿಚ್ಚಿ ಹಾಕಬೇಕು, ವಾಷರು ನೋಡಬೇಕು.

ಬೆಂಕಿಯಿಂದಾಗುವ ಸಾವಿನ ಲೆಕ್ಕ ಮೂಲದಿಂದ ಮೂಲಕ್ಕೆ ಬದಲಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ ಬೆಂಕಿ ಅವಘಡಗಳಲ್ಲಿ 2019ರಲ್ಲಿ 10,915 ಜನ, 2022ರಲ್ಲಿ 7,435 ಜನ ಸತ್ತಿದ್ದಾರೆ. ಶೇ 32 ಇಳಿಕೆ. ಸುಟ್ಟಗಾಯ ತಡೆಯುವ ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮದ ಅಂದಾಜು ವರ್ಷಕ್ಕೆ 1.4 ಲಕ್ಷ ಸಾವು. 2009ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಅಧ್ಯಯನ 2001ರ ಬೆಂಕಿ ಸಾವುಗಳನ್ನು 1.63 ಲಕ್ಷ ಎಂದು ಲೆಕ್ಕಹಾಕಿತು. ಇದು ಪೊಲೀಸ್ ಲೆಕ್ಕದ ಆರು ಪಟ್ಟು. ಸತ್ತವರಲ್ಲಿ 1.06 ಲಕ್ಷ ಮಹಿಳೆಯರು, ಹೆಚ್ಚಿನವರು 15ರಿಂದ 34 ವರ್ಷದವರು.

ಈ ಸಾವುಗಳೆಲ್ಲವೂ ಆಕಸ್ಮಿಕ ಎನ್ನಲಾಗದು. 1997ರಲ್ಲಿ ಬೆಂಗಳೂರಿನಲ್ಲಿ ದಾಖಲಾದ ಮಹಿಳೆಯರ 1,133 ಅಸಹಜ ಸಾವುಗಳಲ್ಲಿ 554 'ಅಪಘಾತ'ದ ಪಟ್ಟಿಗೆ, 422 ಆತ್ಮಹತ್ಯೆಗೆ, 157 ಕೊಲೆಗೆ ಸೇರಿದ್ದವು. ಈ ವಿಂಗಡಣೆಯನ್ನೇ ವಿಮೋಚನಾ ಎಂಬ ಮಹಿಳಾ ಸಂಘಟನೆ ಪ್ರಶ್ನಿಸಿತ್ತು. 'ಸ್ಟೌ ಸಿಡಿದು ಸತ್ತಳು' ಎಂಬ ಒಂದು ಸಾಲಿನಲ್ಲಿ ಅಪರಾಧವೂ ಮುಚ್ಚಿಹೋಗಬಹುದು, ಸ್ಟೌವಿನ ದೋಷವೂ ಮುಚ್ಚಿಹೋಗಬಹುದು. ಅಮೆರಿಕದಲ್ಲಿ ಸುಮಾರು 100 ಆಸ್ಪತ್ರೆಗಳ ತುರ್ತು ವಿಭಾಗಗಳಿಂದ ಯಾವ ವಸ್ತುವಿನಿಂದ ಗಾಯವಾಯಿತು, ಗಾಯಾಳುವಿನ ವಯಸ್ಸೆಷ್ಟು, ಹೆಣ್ಣೋ ಗಂಡೋ ಎಂಬ ವಿವರ ಸಂಗ್ರಹಿಸುತ್ತಾರೆ. ಇಲ್ಲಿಗೂ ಅಂಥದೊಂದು ವ್ಯವಸ್ಥೆ ಬೇಕು.

ಅಡುಗೆಮನೆಯ ಸುರಕ್ಷತೆಯ ಮಾತಿನಲ್ಲಿ ಕುಕ್ಕರಿನ ದಂಡದ ಲೆಕ್ಕವನ್ನೂ ನೋಡಬೇಕು. 2020ರ ಗುಣಮಟ್ಟ ನಿಯಂತ್ರಣ ಆದೇಶ ಐಎಸ್ಐ ಮುದ್ರೆಯಿಲ್ಲದ ಪ್ರೆಷರ್ ಕುಕ್ಕರಿನ ಮಾರಾಟವನ್ನು ನಿಷೇಧಿಸಿತು. ಅಂಥ 2,265 ಕುಕ್ಕರುಗಳ ಮಾರಾಟಕ್ಕೆ ಅವಕಾಶ ಕೊಟ್ಟಿದ್ದಕ್ಕಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಆಗಸ್ಟ್‌ನಲ್ಲಿ ಅಮೆಜಾನ್‌ಗೆ ₹1 ಲಕ್ಷ ದಂಡ ಹಾಕಿತು. ಕುಕ್ಕರಿಗೆ ₹44 ಆಯಿತು. ಆ ಮಾರಾಟದಿಂದ ಅಮೆಜಾನ್‌ಗೆ ಬಂದ ಶುಲ್ಕ ₹6,14,825, ಕುಕ್ಕರಿಗೆ ₹271. ಆದೇಶವನ್ನು ಕಂಪನಿ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಶುಲ್ಕದ ಆರನೇ ಒಂದು ಪಾಲಿನಷ್ಟು ದಂಡದಿಂದ ಮಾರಾಟ ನಿಲ್ಲುತ್ತದೆ ಎಂದು ನಂಬುವುದು ಕಷ್ಟ.

ಗ್ಯಾಸ್ ಅಪಘಾತಕ್ಕೆ ಗ್ರಾಹಕರಿಂದ ಪ್ರೀಮಿಯಂ ಪಡೆಯದ ವಿಮೆ ಇದೆ: ಸತ್ತರೆ ತಲಾ ₹6 ಲಕ್ಷ, ಚಿಕಿತ್ಸೆಗೆ ತಲಾ ಗರಿಷ್ಠ ₹2 ಲಕ್ಷ. ತುರ್ತು ಕರೆಗೆ 1906.

ಹಾನಿ ಆಗದಂತೆ ನೋಡಿಕೊಳ್ಳುವ ಖರ್ಚು ಬೇರೆ. 10.33 ಕೋಟಿ ಉಜ್ವಲಾ ಮನೆಗಳಿಗೆ ಐದು ವರ್ಷಕ್ಕೊಂದು ಪೈಪನ್ನು ಸರ್ಕಾರವೇ ಉಚಿತವಾಗಿ ಕೊಟ್ಟರೆ ವರ್ಷಕ್ಕೆ ₹413 ಕೋಟಿ ಮೀರದು. 2025-26ರ ಉಜ್ವಲಾ ಸಿಲಿಂಡರ್ ಸಬ್ಸಿಡಿಗೆ ಕೇಂದ್ರ ಸಂಪುಟ ಒಪ್ಪಿದ ಮೊತ್ತ ₹12,000 ಕೋಟಿ. ಪೈಪಿನ ಖರ್ಚು ಅದರ ಶೇ 3.4.