ಉದಕಮಂಡಲದ ಚಳಿಯೂ ಮನೆಯ ಹೀಟ್ ಪಂಪೂ

ಗುಂಡ್ಲುಪೇಟೆಯ ಮಾರ್ಗವಾಗಿ ಬಂಡೀಪುರದ ಕಾಡನ್ನು ದಾಟಿ ನೀಲಗಿರಿಯನ್ನು ಹತ್ತುವ ಮೈಸೂರಿಗರಿಗೆ ಉದಕಮಂಡಲವು ಹೊಸ ಊರಲ್ಲ. ಬೇಸಗೆಯಲ್ಲಿ ನಾಲ್ಕು ದಿನ ಇದ್ದು ಬಂದವರೆಲ್ಲರೂ ಅಲ್ಲಿಯ ತಂಪನ್ನು ಹೊಗಳುವರು. ಪುಷ್ಯಮಾಸದ ರಾತ್ರಿಗಳನ್ನು ಅಲ್ಲಿಯೇ ಕಳೆಯಬೇಕಾದ ಗೃಹಸ್ಥರ ಮಾತು ಬೇರೆ. ಊರು ಸಮುದ್ರಮಟ್ಟಕ್ಕಿಂತ ಸುಮಾರು 2,240 ಮೀಟರ್ ಎತ್ತರದಲ್ಲಿರುವುದು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬೆಳಗಿನ ಜಾವದ ಉಷ್ಣಮಾನವು ಕೆಲವು ದಿನ ಸೊನ್ನೆಯ ಸಮೀಪಕ್ಕೆ ಇಳಿದು, ತಗ್ಗಿನ ಹುಲ್ಲುಗಾವಲಿನ ಮೇಲೆ ಇಬ್ಬನಿಯು ಹೆಪ್ಪುಗಟ್ಟಿ ಸುಣ್ಣ ಚೆಲ್ಲಿದಂತೆ ಕಾಣುವುದು.

ನನ್ನ ಷಡ್ಡಕರು ಆ ಊರಿನಲ್ಲಿ ಬಹುಕಾಲದಿಂದ ನೆಲೆಸಿರುವರು. ನಮ್ಮ ಅತ್ತೆಯವರೂ ಅವರೊಡನೆಯೇ ಇರುವರು. ವಯಸ್ಸು ಎಂಬತ್ತು ದಾಟಿದೆ, ಉಬ್ಬಸದ ತೊಂದರೆಯೂ ಉಂಟು. ಎರಡು ಚಳಿಗಾಲಗಳ ಹಿಂದೆ ಒಂದು ರಾತ್ರಿ ಅವರ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನಿಟ್ಟು, ಗಾಳಿ ಬಾರದಿರಲೆಂದು ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿದ್ದರು. ಬೆಳಿಗ್ಗೆ ಎಷ್ಟು ಕೂಗಿದರೂ ಅತ್ತೆಯವರು ಏಳಲಿಲ್ಲ. ಕಿಟಕಿ ತೆರೆದು, ಹೊರಗೆ ಎತ್ತಿ ತಂದ ಮೇಲೆ ಕಣ್ಣು ಬಿಟ್ಟರು. ಆ ದಿನವೆಲ್ಲ ತಲೆನೋವು, ವಾಂತಿ. ಇದ್ದಿಲು ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನು ಅದು ನಿದ್ದೆಯಲ್ಲಿಯೇ ಕೊಲ್ಲಬಲ್ಲದು. ಇನ್ನೊಂದು ಗಂಟೆ ತಡವಾಗಿದ್ದರೆ ಹೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲವೆಂದು ವೈದ್ಯರು ಹೇಳಿದರಂತೆ.

ಅಗ್ಗಿಷ್ಟಿಕೆಯು ಅಂದೇ ಅಟ್ಟಕ್ಕೆ ಹೋಯಿತು. ಅದರ ಸ್ಥಾನಕ್ಕೆ ಬಂದದ್ದು ತಂತಿ ಕೆಂಪಾಗಿ ಉರಿಯುವ ವಿದ್ಯುತ್ ಹೀಟರು. ಎರಡು ಕಿಲೋವಾಟಿನ ಹೀಟರನ್ನು ರಾತ್ರಿ ಆರು ಗಂಟೆಯ ಕಾಲ ಉರಿಸಿದರೆ 12 ಯೂನಿಟ್ ಖರ್ಚು. ತಿಂಗಳ ಬಿಲ್ಲನ್ನು ಕಂಡು ಷಡ್ಡಕರು ಬೆಚ್ಚಿದರು. ಹಳೆಯ ಮನೆಯ ವೈರಿಂಗೂ ಬಿಸಿಯಾಗತೊಡಗಿತು. ಆಗ ಅವರು ನನ್ನನ್ನು ಕೇಳಿದರು: “ಭಾವ, ಹೀಟ್ ಪಂಪು ಎನ್ನುವರಲ್ಲ, ಅದು ನಮ್ಮ ಊರಿಗೆ ಆಗುವುದೇ?”

ಹೀಟ್ ಪಂಪೆಂಬುದು ಉಷ್ಣವನ್ನು ಹುಟ್ಟಿಸುವ ಯಂತ್ರವಲ್ಲ, ಸಾಗಿಸುವ ಯಂತ್ರ. ಮನೆಯಲ್ಲಿ ರೆಫ್ರಿಜರೇಟರ್ ಇರುವವರು ಅದರ ಹಿಂಬದಿಯನ್ನೋ ಪಕ್ಕವನ್ನೋ ಮುಟ್ಟಿ ನೋಡಿದರೆ ಬೆಚ್ಚಗಿರುವುದು. ಒಳಗಿನ ಪದಾರ್ಥಗಳಿಂದ ತೆಗೆದ ಉಷ್ಣವೇ ಅದು. ಹೀಟ್ ಪಂಪು ಇದೇ ಕೆಲಸವನ್ನು ಹೊರಗಿನ ಗಾಳಿಯೊಡನೆ ಮಾಡಿ, ತೆಗೆದ ಉಷ್ಣವನ್ನು ಕೋಣೆಯೊಳಕ್ಕೆ ಬಿಡುವುದು. ಐದು ಡಿಗ್ರಿಯ ಗಾಳಿಯಲ್ಲಿ ಉಷ್ಣವೆಲ್ಲಿಂದ ಬಂತು ಎಂದು ನಗುವವರುಂಟು. ಸೊನ್ನೆ ಡಿಗ್ರಿಯೆಂಬುದು ನೀರು ಹೆಪ್ಪುಗಟ್ಟುವ ಗುರುತು ಮಾತ್ರ. ನಿಜವಾದ ತಳವು ಅದಕ್ಕೂ 273 ಡಿಗ್ರಿ ಕೆಳಗಿರುವುದು. ವಿಲಿಯಂ ಥಾಮ್ಸನ್, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವರು, 1852ರಲ್ಲಿಯೇ ಈ ಉಪಾಯವನ್ನು ಸೂಚಿಸಿದ್ದರು. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಪುರಭವನವನ್ನು ಲಿಮ್ಮಾಟ್ ನದಿಯ ತಣ್ಣೀರಿನಿಂದ ತೆಗೆದ ಉಷ್ಣದಿಂದ 1938ರಲ್ಲಿ ಬೆಚ್ಚಗೆ ಮಾಡಿದರು. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಉಷ್ಣವು ದೊರೆತರೆ ಆ 12 ಯೂನಿಟಿನ ಕೆಲಸವು ನಾಲ್ಕರಲ್ಲಿ ಮುಗಿಯುವುದು. ಕಠಿಣವಾದ ಚಳಿಯಲ್ಲಿ ಎರಡೇ ದೊರೆತರೂ ಖರ್ಚು ಅರ್ಧವಾಗುವುದು.

ಷಡ್ಡಕರೊಡನೆ ನಾನು ಬಯಲು ಸೀಮೆಯ ಒಂದು ಅಂಗಡಿಗೆ ಹೋದೆ. ಅಂಗಡಿಯವರು ಕೇಳಿದ್ದು ಎರಡೇ ಪ್ರಶ್ನೆ: “ಎಷ್ಟು ಟನ್? ಎಷ್ಟು ಸ್ಟಾರ್?” ಬೆಟ್ಟದ ಮನೆಯವರು ಮೋಸಹೋಗುವುದು ಇಲ್ಲಿಯೇ. ಟನ್ ಎಂಬುದು ತಂಪುಮಾಡುವ ಶಕ್ತಿಯ ಅಳತೆ, ಒಂದು ಟನ್ನಿಗೆ ಸುಮಾರು 3.5 ಕಿಲೋವಾಟ್. ನಮ್ಮ ದೇಶದ ಎ.ಸಿ.ಗಳ ಮೇಲಿನ ನಕ್ಷತ್ರಗಳೂ ಬೇಸಗೆಯಲ್ಲಿ ತಂಪುಮಾಡುವ ಮಿತವ್ಯಯಕ್ಕಾಗಿ ಕೊಟ್ಟವು. ಚಳಿಯಲ್ಲಿ ಆ ಯಂತ್ರವು ಹೇಗೆ ನಡೆದುಕೊಳ್ಳುವುದೆಂಬುದನ್ನು ಅವು ಹೇಳುವುದಿಲ್ಲ. ಐದು ನಕ್ಷತ್ರದ ಯಂತ್ರಕ್ಕೆ ಬಿಸಿಮಾಡುವ ಗುಣವೇ ಇಲ್ಲದಿರಬಹುದು.

ಕೇಳತಕ್ಕ ಪ್ರಶ್ನೆ ಬೇರೆ: ಹೊರಗೆ 2 ಡಿಗ್ರಿ ಇರುವಾಗ ಇದು ಎಷ್ಟು ಉಷ್ಣವನ್ನು ಕೊಡುವುದು? ಕಂಪೆನಿಗಳ ಪುಸ್ತಿಕೆಯಲ್ಲಿ ದೊಡ್ಡದಾಗಿ ಅಚ್ಚಾಗಿರುವ ಅಂಕಿಯು ಸಾಮಾನ್ಯವಾಗಿ ಹೊರಗೆ 7 ಡಿಗ್ರಿ ಇರುವಾಗಿನದು. ಅಲ್ಲಿಂದ ಕೆಳಗೆ ಶಕ್ತಿಯು ಇಳಿಯುತ್ತ ಹೋಗುವುದು. ಕೆಲವು ಯಂತ್ರಗಳು ಸೊನ್ನೆಯ ಹತ್ತಿರಕ್ಕೆ ಬಂದೊಡನೆ ಕೈಚೆಲ್ಲುವುವು. ಕೆಲವು ಸೊನ್ನೆಗಿಂತ 10, 15 ಡಿಗ್ರಿ ಕೆಳಗೂ ದುಡಿಯುವುವು. ಇನ್ವರ್ಟರ್ ಉಳ್ಳ ಯಂತ್ರವು ತನ್ನ ವೇಗವನ್ನು ಚಳಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳುವುದರಿಂದ ಅದನ್ನೇ ಕೊಳ್ಳುವುದು ಮೇಲು.

ನೀಲಗಿರಿಯ ಚಳಿಯು ಹಿಮಾಲಯದ ಚಳಿಯಂತೆ ಕಡುಚಳಿಯಲ್ಲ, ಆದರೆ ಒದ್ದೆಚಳಿ. ಮಂಜು, ತುಂತುರು, ಎರಡೂ ಮಳೆಗಾಲಗಳ ತೇವ. ಯಂತ್ರಕ್ಕೆ ಇದೇ ಹೆಚ್ಚು ಕಷ್ಟ. ಹೊರಗಿನ ಸುರುಳಿಯು ಗಾಳಿಗಿಂತಲೂ ತಣ್ಣಗಿರುವುದರಿಂದ, ಗಾಳಿ ಮೂರು ನಾಲ್ಕು ಡಿಗ್ರಿ ಇರುವಾಗಲೇ ತೇವವು ಅದರ ಮೇಲೆ ಕೂತು ಹಿಮವಾಗುವುದು. ಒಣ ಕಡುಚಳಿಯಲ್ಲಿ ಅಷ್ಟು ಹಿಮ ಕೂರುವುದಿಲ್ಲ. ಅದನ್ನು ಕರಗಿಸಲು ಯಂತ್ರವು ಆಗಾಗ ಕೆಲವು ನಿಮಿಷ ತಿರುವುಮುರುವಾಗಿ ನಡೆದು ಕೋಣೆಯ ಉಷ್ಣವನ್ನೇ ಹೊರಗೆ ಒಯ್ಯುವುದು. ಇದನ್ನು ತಾನಾಗಿಯೇ ಅರಿತು ಮಾಡುವ ಏರ್ಪಾಡು ಇದೆಯೇ, ಕರಗಿದ ನೀರು ಹರಿದುಹೋಗಲು ದಾರಿಯಿದೆಯೇ, ಇವೆರಡನ್ನೂ ವಿಚಾರಿಸದೆ ಹಣ ಕೊಡಕೂಡದು. ಎತ್ತರದ ವಿಷಯವನ್ನೂ ಮರೆಯಬಾರದು. ಅಲ್ಲಿಯ ಗಾಳಿಯ ಒತ್ತಡವು ಸಮುದ್ರತೀರದ ಮುಕ್ಕಾಲು ಪಾಲಿನಷ್ಟೇ ಇರುವುದರಿಂದ ಫ್ಯಾನಿಗೆ ಸಿಕ್ಕುವ ಗಾಳಿಯೂ ತೆಳುವು. ಅದಕ್ಕಾಗಿ ಎಷ್ಟು ಕಳೆಯಬೇಕೆಂಬುದನ್ನು ಕಂಪೆನಿಯವರಿಂದ ಬರೆಯಿಸಿಕೊಳ್ಳಬೇಕು.

ಅಂಗಡಿಯಿಂದ ಬರಿಗೈಯಲ್ಲಿ ಮರಳಿದ ಮೇಲೆ ನಾವು ಮಾಡಿದ ಮೊದಲ ಕೆಲಸವೆಂದರೆ ಒಂದು ಉಷ್ಣಮಾಪಕವನ್ನು ಅಂಗಳದಲ್ಲಿ ತೂಗುಹಾಕಿ ಹದಿನೈದು ದಿನ ಬೆಳಗಿನ ಜಾವದ ಅಂಕಿಯನ್ನು ಬರೆದಿಟ್ಟುದು. ರಾತ್ರಿ ತಣ್ಣನೆಯ ಗಾಳಿಯು ನೀರಿನಂತೆ ಇಳಿದು ತಗ್ಗಿನಲ್ಲಿ ನಿಲ್ಲುವುದರಿಂದ ಇಳಿಜಾರಿನ ಮನೆಗೂ ಕಣಿವೆಯ ಮನೆಗೂ ಕೆಲವು ಡಿಗ್ರಿಗಳ ಅಂತರವುಂಟು. ಊರಿನ ಹವಾ ವರದಿಯನ್ನು ನಂಬಿ ಯಂತ್ರ ಕೊಂಡರೆ ಸಾಲದು. ಷಡ್ಡಕರ ಮನೆ ಇಳಿಜಾರಿನಲ್ಲಿದೆ. ನಮಗೆ ಸಿಕ್ಕ ಕನಿಷ್ಠ ಅಂಕಿ 3.

ಎರಡನೆಯದಾಗಿ ಕೋಣೆಯ ಲೆಕ್ಕ. ಹನ್ನೆರಡು ಅಡಿ ಚೌಕದ, ಎರಡು ಗೋಡೆ ಹೊರಗಾಳಿಗೆ ತೆರೆದಿರುವ ಇಟ್ಟಿಗೆಯ ಕೋಣೆಯನ್ನು, ಹೊರಗೆ 2 ಡಿಗ್ರಿ ಇರುವಾಗ 18ರಲ್ಲಿ ಇಡಲು ಸುಮಾರು ಒಂದೂವರೆ ಕಿಲೋವಾಟ್ ಉಷ್ಣ ಬೇಕಾಗುವುದು. (ಶೀತ ಪ್ರದೇಶಗಳ ಮನೆಯೊಳಗೆ 18ಕ್ಕಿಂತ ಕಡಿಮೆಯಾಗದಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಸಲಹೆ ಕೊಟ್ಟಿದೆ.) ಮೇಲೆ ಬರಿಯ ಹೆಂಚು, ಬಾಗಿಲ ಕೆಳಗೆ ಬೆರಳಗಲದ ಸಂದು ಇದ್ದರೆ ಅದೇ ಕೋಣೆಗೆ ಇಮ್ಮಡಿ ಬೇಕಾದೀತು. ಆದ್ದರಿಂದ ಬಡಗಿಯನ್ನು ಕರೆಯಿಸಿ ಹೆಂಚಿನ ಕೆಳಗೆ ಹಲಗೆ ಹೊಡೆಯಿಸಿದೆವು. ಕಿಟಕಿಗೆ ದಪ್ಪ ಪರದೆ, ಬಾಗಿಲಿನ ಸಂದಿಗೆ ರಬ್ಬರು ಪಟ್ಟಿ. ಈ ಖರ್ಚನ್ನು ಷಡ್ಡಕರು ಗೊಣಗುತ್ತಲೇ ಒಪ್ಪಿದರು. ಆದರೆ ಅದರಿಂದಾಗಿ ಎರಡು ಟನ್ನಿನ ಮಾತು ಹೋಗಿ ಒಂದು ಟನ್ನಿನ ಯಂತ್ರವೇ ಸಾಕಾಯಿತು. ಇಡೀ ಮನೆಯನ್ನು ಬಿಸಿಮಾಡುವ ಆಸೆಯನ್ನು ನಾವು ಇಟ್ಟುಕೊಳ್ಳಲಿಲ್ಲ. ಅತ್ತೆಯವರ ಕೋಣೆ ಒಂದೇ.

ಹೊರಗಿನ ಪೆಟ್ಟಿಗೆಯನ್ನು ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ, ಗಾಳಿಯಾಡುವ ಕಡೆಯಲ್ಲಿ ನಿಲ್ಲಿಸಿದೆವು. ಮಳೆ ಬೀಳದಿರಲೆಂದು ಸುತ್ತಲೂ ತಗಡಿನ ಗೂಡು ಕಟ್ಟುವವರನ್ನು ಕಂಡಿದ್ದೇನೆ. ತಾನೇ ತಣ್ಣಗೆ ಮಾಡಿದ ಗಾಳಿಯನ್ನು ಮತ್ತೆ ಮತ್ತೆ ಕುಡಿದು ಅಂಥ ಯಂತ್ರವು ಸೊರಗುವುದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಈ ಸಾಧನವೂ ಸುಮ್ಮನಾಗುವುದರಿಂದ ಕಂಬಳಿಗಳನ್ನೂ ಬಿಸಿನೀರಿನ ಚೀಲವನ್ನೂ ಕೈಗೆಟುಕುವಲ್ಲಿಯೇ ಇಟ್ಟಿರುವರು.

ಕಳೆದ ಜನವರಿಯಲ್ಲಿ ನಾನು ಹೋಗಿದ್ದಾಗ ಅತ್ತೆಯವರು ಶಾಲು ತೆಗೆದಿಟ್ಟು ಬತ್ತಿ ಹೊಸೆಯುತ್ತ ಕುಳಿತಿದ್ದರು. ಕೋಣೆಯ ಗಡಿಯಾರದಲ್ಲಿ 19 ಡಿಗ್ರಿ ತೋರುತ್ತಿತ್ತು. ಅಷ್ಟರಲ್ಲಿ ಯಂತ್ರವು ಹಿಮ ಕರಗಿಸಲು ತಿರುಗಿಕೊಂಡು ಬುಸ್ಸೆಂದಿತು. “ನೋಡಿ ಅಳಿಯಂದಿರೇ, ಇದಕ್ಕೂ ನೆಗಡಿ. ಗಂಟೆಗೊಮ್ಮೆ ಸೀನುತ್ತದೆ” ಎಂದು ಅವರು ಬತ್ತಿಯ ತಟ್ಟೆಯನ್ನು ಈಚೆಗೆ ಎಳೆದುಕೊಂಡರು.