ಅರಿತು ಮಾಡುವುದೇ ಕಾಯಕ

ಕಬ್ಬಿನ ಕಟಾವು ಮುಗಿದಾಗ, ಮಗ್ಗದ ಕೆಲಸ ಇಳಿದಾಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಯುವಕರು ಗೌಂಡಿಗಳ ಕೈಕೆಳಗೆ ದುಡಿಯಲು ಹೋಗುವುದುಂಟು. ಕಾಯಕದಲ್ಲಿ ಮೇಲು-ಕೀಳಿಲ್ಲ, ಆದರೆ ಅರಿಯದೆ ಮಾಡಿದ ಕೆಲಸ ಪ್ರಾಣಕ್ಕೇ ಎರವಾದೀತು. ಕಟ್ಟಡದ ಲೋಪ ಎಂಥ ಬೆಲೆ ಕೇಳುತ್ತದೆಂಬುದಕ್ಕೆ 2019ರ ಮಾರ್ಚ್ 19ರಂದು ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಅಸುನೀಗಿದ್ದೇ ಸಾಕ್ಷಿ.

ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿನ ಆಧಾರಕಂಬಗಳನ್ನು 7 ದಿನ, ಅದಕ್ಕೂ ಅಗಲವಾದರೆ 14 ದಿನ ಕಳೆಯುವ ಮುನ್ನ ತೆಗೆಯಲಾಗದು. ಹೊಸಬನಿಗೆ ಇದು ತಿಳಿಯದು. ಹೇಳಿಕೊಡುವುದು ಮೇಸ್ತ್ರಿಯ ಹೊಣೆ. ಹೆಲ್ಮೆಟ್, ಬೆಲ್ಟ್ ಒದಗಿಸುವುದು ಗುತ್ತಿಗೆದಾರರ ಕರ್ತವ್ಯ.

ವರ್ಷದಲ್ಲಿ 90 ದಿನ ದುಡಿದ, 18ರಿಂದ 60 ವಯಸ್ಸಿನ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಮನೆ ಕಟ್ಟಿಸುವ ಸದ್ಭಕ್ತರು ಕೂಲಿಯ ದರವನ್ನಷ್ಟೇ ಕೇಳದೆ, ದುಡಿಯುವವರ ಸುರಕ್ಷತೆಯನ್ನೂ ವಿಚಾರಿಸಲಿ. ಅದೂ ದಾಸೋಹವೇ.