ನೋಯಿಸಿದ ಗೆಳೆಯ ತೀರಿಕೊಂಡಾಗ

ಆಂಧ್ರದ ಪತ್ತಿಕೊಂಡದಲ್ಲಿ ನಿಮ್ಮ ಜತೆ ಬೆಳೆದ ಗೆಳೆಯ ತೀರಿಕೊಂಡ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಬರುತ್ತೆ. ಗ್ರೂಪ್ ತುಂಬಾ ‘ಓಂ ಶಾಂತಿ’. ನಿಮಗೆ ಮಾತ್ರ ಅಳು ಬರ್ತಿಲ್ಲ. ನೆನಪಾಗೋದು ಮಳೆಗಾಲ. ಹತ್ತಿರದ ಜೊನ್ನಗಿರಿ ಹೊಲದಲ್ಲಿ ಎಲ್ಲರೂ ಮಳೆಗೆ ಮೇಲೆ ಬಂದ ವಜ್ರ ಹುಡುಕುವಾಗ ನಿಮ್ಮ ಅಂಗೈಯಲ್ಲಿದ್ದ ಹೊಳೆಯೋ ಕಲ್ಲು ಕಿತ್ತುಕೊಂಡು, ‘ಮನೇಲಿ ಹೇಳಿದ್ರೆ ನೋಡು’ ಅಂತ ಅವನು ಕೈ ತಿರುವಿದ್ದು. ಮರುದಿನ ಅವನೇ ಹೆಗಲ ಮೇಲೆ ಕೈ ಹಾಕಿ ಶಾಲೆಗೆ ಕರ್ಕೊಂಡು ಹೋಗಿದ್ದು.

ಎರಡೂ ನಿಜ. ಅದಕ್ಕೇ ಈ ದುಃಖ ಇಷ್ಟು ಗೋಜಲು.

ಸಮಾಜ ಒಪ್ಪದ, ಬಾಯಿಬಿಟ್ಟು ಹೇಳಲಾಗದ ಇಂಥ ದುಃಖದ ಬಗ್ಗೆ ಅಮೆರಿಕದ ದುಃಖ-ಸಮಾಲೋಚನೆ ತಜ್ಞ ಕೆನೆತ್ ಡೋಕಾ 1989ರಲ್ಲೇ ಪುಸ್ತಕ ತಂದರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ ನಮ್ಮಲ್ಲಿ. ತಿಥಿ ಮನೇಲಿ ಆ ಮಾತು ಸರಿಯೇ. ಆದರೆ ಅವನ ತಾಯಿಯ ಮುಂದೆ ಸುಮ್ಮನಿರೋದು ಬೇರೆ, ನಿಮಗೆ ನೀವೇ ಸುಳ್ಳು ಹೇಳಿಕೊಳ್ಳೋದು ಬೇರೆ. ‘ಸದ್ಯ, ಮುಗೀತಲ್ಲ’ ಅನ್ನಿಸಿದರೂ ನೀವು ಪಾಪಿಯಲ್ಲ. ಕ್ಷಮಿಸಲೇಬೇಕು ಅಂತೇನೂ ಇಲ್ಲ. ಅವನ ಹೆಸರಿಗೆ ಒಂದು ಪತ್ರ ಬರೀರಿ, ಬೈಗುಳ ಬಂದರೆ ಬರಲಿ. ನಂಬಿಕಸ್ಥರೊಬ್ಬರ ಹತ್ತಿರ ಹೇಳಿಕೊಳ್ಳಿ. ನಿದ್ದೆ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. 24 ಗಂಟೆಯೂ ಉಚಿತ. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.